2032 ಸೆಲ್ ಜಾಗಕ್ಕೆ 2025 ಸೆಲ್ ಹಾಕಿದ ದಿನ

ಹಾಸನದಲ್ಲಿ ಕಾರಿನ ಎಲೆಕ್ಟ್ರಿಕಲ್ ಕೆಲಸ ಮಾಡುತ್ತೇನೆ. ವೈರಿಂಗ್, ಹಾರ್ನ್, ಸೆಂಟ್ರಲ್ ಲಾಕ್ ಎಲ್ಲವೂ ಬರುತ್ತವೆ. ನಡುವೆ ದಿನಕ್ಕೆ ಒಬ್ಬಿಬ್ಬರಾದರೂ ರಿಮೋಟ್ ಕೀ ಹಿಡಿದುಕೊಂಡು ಬರುತ್ತಾರೆ. 'ತೀರಾ ಹತ್ತಿರ ಹೋಗಿ ಒತ್ತಿದ್ರೆ ಮಾತ್ರ ಲಾಕ್ ಆಗುತ್ತೆ, ಸೆಲ್ ಹಾಕಿಕೊಡಿ' ಅಂತಾರೆ. ಐದು ನಿಮಿಷದ ಕೆಲಸ. ಅದೇ ಕೆಲಸದಲ್ಲಿ ನಾನು ಮಾಡಿದ ತಪ್ಪನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವತ್ತು ಶನಿವಾರ ಸಂಜೆ. ಅಂಗಡಿ ಮುಂದೆ ಮೂರು ಗಾಡಿ ಕಾಯುತ್ತಿದ್ದವು. ರಿಟೈರ್ ಆದ ಟೀಚರ್ ಒಬ್ಬರು ಕೀ ಕೊಟ್ಟರು. ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರು. ಕೀ ಬಿಚ್ಚಿದರೆ ಒಳಗಿದ್ದದ್ದು ಸಿಆರ್ 2032 ಸೆಲ್. ನನ್ನ ಹತ್ತಿರ 2032 ಖಾಲಿಯಾಗಿತ್ತು, 2025 ಇತ್ತು. ಎರಡೂ 3 ವೋಲ್ಟ್, ಎರಡೂ 20 ಮಿಲಿಮೀಟರ್ ಅಗಲ. ದಪ್ಪ ಮಾತ್ರ ಬೇರೆ. 2032 ಅಂದರೆ 3.2 ಮಿಲಿಮೀಟರ್, 2025 ಅಂದರೆ 2.5. ಮುಕ್ಕಾಲು ಮಿಲಿಮೀಟರೂ ಇಲ್ಲ ಅಲ್ವಾ ಅಂದುಕೊಂಡೆ. ಒಳಗಿನ ಕಾಂಟ್ಯಾಕ್ಟ್ ತಗಡನ್ನು ಸ್ಕ್ರೂಡ್ರೈವರ್ ತುದಿಯಿಂದ ಸ್ವಲ್ಪ ಮೇಲಕ್ಕೆ ಬಗ್ಗಿಸಿ, 2025 ಕೂರಿಸಿ ಮುಚ್ಚಿದೆ. ಒತ್ತಿದಾಗ ಇಂಡಿಕೇಟರ್ ಮಿನುಗಿತು. ಅವರು ದುಡ್ಡು ಕೊಟ್ಟು ಹೋದರು.

ಎರಡು ವಾರ ಕಳೆದು ಫೋನ್ ಬಂತು. ಕುಕ್ಕೆಯಲ್ಲಿ ದರ್ಶನ ಮುಗಿಸಿ ಬಂದಿದ್ದಾರೆ. ಜೋರು ಮಳೆ. ಜೊತೆಗೆ ಸೊಸೆ, ಸಣ್ಣ ಮಗು. 'ಏನಪ್ಪಾ, ಎಷ್ಟು ಒತ್ತಿದರೂ ಬಾಗಿಲು ತೆಗೀತಿಲ್ಲ. ನೀನೇ ಹೊಸ ಸೆಲ್ ಹಾಕಿದ್ದಲ್ವಾ?' ದನಿಯಲ್ಲಿ ಸಿಟ್ಟಿರಲಿಲ್ಲ, ಗಾಬರಿ ಇತ್ತು. ನನಗೆ ಆ ತಗಡು ಬಗ್ಗಿಸಿದ್ದು ತಕ್ಷಣ ನೆನಪಾಯಿತು.

'ಮೇಡಂ, ಕೀ ಪಕ್ಕದಲ್ಲಿ ಒಂದು ಸಣ್ಣ ಲಾಚ್ ಇದೆ. ಅದನ್ನು ಒತ್ತಿಕೊಂಡು ಎಳೀರಿ, ಒಳಗಿಂದ ಕಬ್ಬಿಣದ ಕೀ ಬರುತ್ತೆ. ಅದರಲ್ಲೇ ಡ್ರೈವರ್ ಬಾಗಿಲು ತೆಗೀರಿ. ಅಲಾರಂ ಕೂಗಿದರೆ ಹೆದರಬೇಡಿ' ಅಂದೆ. ಕೂಗಿತು. 'ಈಗ ಬ್ರೇಕ್ ತುಳಿದುಕೊಂಡು, ರಿಮೋಟನ್ನೇ ಸ್ಟಾರ್ಟ್ ಬಟನ್‌ಗೆ ಒತ್ತಿ ಹಿಡಿದು ಸ್ಟಾರ್ಟ್ ಮಾಡಿ.' ಎರಡನೇ ಸಲಕ್ಕೆ ಇಂಜಿನ್ ಸದ್ದು ಫೋನಿನಲ್ಲೇ ಕೇಳಿಸಿತು. ಅಲಾರಂ ನಿಂತಿತು.

ಸೆಲ್ ಸತ್ತರೂ ಕಾರು ಹೇಗೆ ಸ್ಟಾರ್ಟ್ ಆಗುತ್ತೆ ಅಂತ ತುಂಬಾ ಜನ ಕೇಳುತ್ತಾರೆ. ದೂರದಿಂದ ಲಾಕ್ ತೆಗೆಯೋಕೆ, ಕೀ ಜೇಬಿನಲ್ಲೇ ಇಟ್ಟುಕೊಂಡು ಸ್ಟಾರ್ಟ್ ಮಾಡೋಕೆ ಸೆಲ್ ಬೇಕು. ಸೆಲ್ ಸತ್ತಾಗ ಇಂಜಿನ್‌ಗೆ ಅನುಮತಿ ಕೊಡೋದು ಕೀ ಒಳಗಿನ ಒಂದು ಚಿಪ್. ಅದಕ್ಕೆ ಸೆಲ್ಲೇ ಬೇಡ. ಕಾರಿನ ಕಡೆ ಒಂದು ಕಾಯಿಲ್ ಇರುತ್ತೆ. ಕೀಯನ್ನು ತೀರಾ ಹತ್ತಿರ ತಂದಾಗ ಆ ಕಾಯಿಲ್‌ನಿಂದಲೇ ಚಿಪ್‌ಗೆ ಬೇಕಾದಷ್ಟು ಕರೆಂಟ್ ಸಿಗುತ್ತೆ. ಆ ಜಾಗ ಕೆಲವು ಕಾರಿನಲ್ಲಿ ಸ್ಟಾರ್ಟ್ ಬಟನ್, ಕೆಲವದರಲ್ಲಿ ಸ್ಟೇರಿಂಗ್ ಪಕ್ಕ ಅಥವಾ ಕಪ್ ಇಡುವ ಕಡೆ. ನಿಮ್ಮ ಗಾಡಿಯಲ್ಲಿ ಎಲ್ಲಿ ಅಂತ ಮ್ಯಾನುಯಲ್‌ನಲ್ಲಿ ಬರೆದಿರುತ್ತೆ.

ಮರುದಿನ ಕೀ ಬಂತು. ಬಿಚ್ಚಿ ನೋಡಿದೆ. ಸೆಲ್ ಒಂದು ಬದಿಗೆ ಜರುಗಿ, ತಗಡಿನ ತುದಿಗೆ ಕೂದಲೆಳೆಯಷ್ಟೇ ತಾಗುತ್ತಿತ್ತು. ಮೀಟರ್ ಹಿಡಿದರೆ ಸೆಲ್‌ನಲ್ಲಿ ಪೂರ್ತಿ 3 ವೋಲ್ಟ್ ಇದೆ! ಸೆಲ್ ಚೆನ್ನಾಗಿದೆ, ಅದು ಬೋರ್ಡಿಗೆ ತಲುಪುತ್ತಿಲ್ಲ, ಅಷ್ಟೇ. ಗಾಡಿ ಗುಂಡಿಗೆ ಇಳಿದಾಗಲೆಲ್ಲ ಬ್ಯಾಗಿನಲ್ಲಿ ಅದು ಅಲುಗಾಡಿದೆ. ತಗಡನ್ನು ಇಕ್ಕಳದಲ್ಲಿ ಮೆಲ್ಲಗೆ ಮೊದಲಿನಂತೆ ಮಾಡಿದೆ. ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್, ಬೇಗ ಆರುವ ಸ್ಪಿರಿಟ್) ಹಚ್ಚಿದ ಹತ್ತಿಯಿಂದ ಒರೆಸಿ, 2032 ಹಾಕಿದೆ. ದುಡ್ಡು ತಗೊಳ್ಳಲಿಲ್ಲ. ತಪ್ಪು ನನ್ನದೇ ಅಂತ ಅವರಿಗೆ ಹೇಳಿದೆ.

ಅವತ್ತಿನಿಂದ ಕೆಲಸದ ರೀತಿ ಬದಲಾಗಿದೆ. ಮೊದಲು ಹಳೇ ಸೆಲ್ ಮೇಲಿನ ನಂಬರ್ ಓದುತ್ತೇನೆ. ಜೊತೆಗೆ ಕೀ ಒಳಗಿನ ಪ್ಲಾಸ್ಟಿಕ್ ಮೇಲಿನ ನಂಬರನ್ನೂ ನೋಡುತ್ತೇನೆ. ಹಿಂದೆ ಯಾರೋ ತಪ್ಪು ಸೆಲ್ ಹಾಕಿರಬಹುದು ಅಲ್ವಾ. ಆ ನಂಬರಿನ ಸೆಲ್ ಇಲ್ಲದಿದ್ದರೆ 'ನಾಳೆ ಬನ್ನಿ' ಅಂತೇನೆ. ಕೀ ಬಿಚ್ಚುವಾಗ ಚಪ್ಪಟೆ ಸ್ಕ್ರೂಡ್ರೈವರ್ ತುದಿಗೆ ಟೇಪ್ ಸುತ್ತಿ, ಅದಕ್ಕೆಂದೇ ಬಿಟ್ಟಿರುವ ಸಂದಿಯಲ್ಲಿ ಇಟ್ಟು ತಿರುಗಿಸುತ್ತೇನೆ. ಬೋರ್ಡನ್ನು ಮುಟ್ಟುವುದಿಲ್ಲ. ಹೊಸ ಸೆಲ್ಲನ್ನು ಅಂಚಿನಲ್ಲಿ ಹಿಡಿಯುತ್ತೇನೆ, ಇಕ್ಕಳದಲ್ಲಿ ಹಿಡಿದರೆ ಪ್ಲಸ್ ಮೈನಸ್ ಎರಡೂ ಕೂಡಿ ಶಾರ್ಟ್ ಆಗುತ್ತೆ.

ಮೀಟರ್ ನೋಡುವುದರಲ್ಲೂ ಒಂದು ಸೂಕ್ಷ್ಮ ಇದೆ. ಹಳೇ ಸೆಲ್ಲನ್ನು ಸುಮ್ನೆ ಹೊರಗಿಟ್ಟು ನೋಡಿದರೆ 2.9 ವೋಲ್ಟ್ ತೋರಿಸಿ ಯಾಮಾರಿಸುತ್ತೆ. ಸೆಲ್ ಒಳಗಿದ್ದಾಗಲೇ ಮೀಟರಿನ ಕಡ್ಡಿ ಇಟ್ಟು, ಲಾಕ್ ಬಟನ್ ಒತ್ತಿ ನೋಡಬೇಕು. ಮುಗಿಯುತ್ತಾ ಬಂದ ಸೆಲ್‌ನ ವೋಲ್ಟೇಜ್ ಆಗ ದಬಕ್ಕನೆ ಕೆಳಗೆ ಬೀಳುತ್ತೆ. ಚಳಿಗಾಲದ ಬೆಳಿಗ್ಗೆ ಇಂಥ ಸೆಲ್ಲುಗಳೇ ಮೊದಲು ಕೈಕೊಡುವುದು.

ಇನ್ನೊಂದು ವಿಷಯ, ಇದನ್ನು ದಯವಿಟ್ಟು ಗಮನ ಇಟ್ಟು ಓದಿ. ತೆಗೆದ ಸೆಲ್ಲನ್ನು ಮೇಜಿನ ಮೇಲೆ ಬಿಡಬೇಡಿ. ರಿಮೋಟ್ ನಡೆಸೋಕೆ ಶಕ್ತಿ ಇಲ್ಲದ ಸೆಲ್‌ಗೂ ಮಗುವಿನ ಅನ್ನನಾಳ ಸುಡುವಷ್ಟು ಶಕ್ತಿ ಉಳಿದಿರುತ್ತೆ. 20 ಮಿಲಿಮೀಟರ್ ಅಗಲದ್ದು ಗಂಟಲಿನ ಕೆಳಗೆ ಸಿಕ್ಕಿಕೊಳ್ಳಬಹುದು, ಸಿಕ್ಕಿಕೊಂಡರೆ ಎರಡು ಗಂಟೆಯೊಳಗೆ ಗಾಯ ಮಾಡಬಹುದು. ಮಗು ನುಂಗಿದೆ ಅನ್ನೋ ಅನುಮಾನ ಬಂದರೂ ಕಾಯಬೇಡಿ, ನೇರ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಾನು ಎರಡೂ ಕಡೆ ಟೇಪ್ ಅಂಟಿಸಿ, ಮುಚ್ಚಳ ಇರುವ ಡಬ್ಬಿಗೆ ಹಾಕುತ್ತೇನೆ. ಅಂಗಡಿಗೆ ಬರುವ ಮಕ್ಕಳ ಕೈಗೆ ಆ ಡಬ್ಬಿ ಎಟುಕುವುದಿಲ್ಲ.

ಈಗ ಬಟನ್ ಸ್ಟಾರ್ಟ್ ಕಾರಿನ ಕೀ ಬಂದರೆ, ಹೊಸ ಸೆಲ್ ಹಾಕುವ ಮುಂಚೆ ಓನರ್ ಕೈಗೆ ಖಾಲಿ ಕೀ ಕೊಡುತ್ತೇನೆ. 'ಸೆಲ್ ಇಲ್ಲದೆ ಒಂದು ಸಲ ನೀವೇ ತೆಗೆದು ಸ್ಟಾರ್ಟ್ ಮಾಡಿ ಸರ್' ಅಂತೇನೆ. ಕಬ್ಬಿಣದ ಕೀ ಒಳಗಿರುವುದೇ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಹೋದ ವಾರ ಒಬ್ಬ ಹಿರಿಯರ ಗಾಡಿಯಲ್ಲಿ, ಕೊಂಡಾಗಿನಿಂದ ಒಮ್ಮೆಯೂ ಬಳಸದ ಬಾಗಿಲ ಬೀಗ ಧೂಳು ತುಂಬಿ ಗಟ್ಟಿಯಾಗಿ ಕೂತಿತ್ತು. ಸ್ಪ್ರೇ ಹೊಡೆದು, ಕೀ ಹಾಕಿ ಹತ್ತು ಸಲ ಆಚೀಚೆ ಆಡಿಸಿದ ಮೇಲೆ ಟಕ್ ಅಂತ ತಿರುಗಿತು. ಸೆಲ್ ಹಾಕಿದ್ದು ಆಮೇಲೆ.