ಮೋರ್‌ಕಮ್‌ನಿಂದ ಬ್ರಿಡ್ಲಿಂಗ್ಟನ್‌ಗೆ: ಸೈಕಲ್ ಮೇಲೆ ಇಂಗ್ಲೆಂಡ್ ದಾಟುವವರಿಗೆ

ಹೊರಡುವ ಮುಂಚೆ ಹಿಂದಿನ ಚಕ್ರಕ್ಕೆ ಪಶ್ಚಿಮದ ಸಮುದ್ರದ ನೀರು ಮುಟ್ಟಿಸಬೇಕು. ಆಚೆ ದಂಡೆ ತಲುಪಿದ ಮೇಲೆ ಮುಂದಿನ ಚಕ್ರಕ್ಕೆ ಪೂರ್ವದ ಸಮುದ್ರದ ನೀರು ಮುಟ್ಟಿಸಬೇಕು. ಇಂಗ್ಲೆಂಡನ್ನು ಅಡ್ಡಲಾಗಿ ದಾಟುವ ಸೈಕಲ್ಲಿನವರ ಪದ್ಧತಿ ಇದು. ಶಾಸ್ತ್ರ ಯಾಕೆ ಬಿಡಬೇಕು ಅಂತ ನಾನೂ ನಮ್ಮ ಭಾವನವರೂ ಜೂನ್ ತಿಂಗಳ ಒಂದು ಬೆಳಗ್ಗೆ ಪಶ್ಚಿಮ ಕರಾವಳಿಯ ಮೋರ್‌ಕಮ್ ದಂಡೆಗೆ ಹೋದೆವು. ನೋಡಿದರೆ ಸಮುದ್ರವೇ ಇಲ್ಲ! ಕಣ್ಣು ಹಾಯುವಷ್ಟು ದೂರ ಬರೀ ಕೆಸರು. ಇಲ್ಲಿ ಇಳಿತದ ಹೊತ್ತಿಗೆ ನೀರು ಕಿಲೋಮೀಟರ್‌ಗಟ್ಟಲೆ ಹಿಂದೆ ಸರಿಯುತ್ತದೆ. ಹಾಗಂತ ಕೆಸರಿಗೆ ಇಳಿಯಬೇಡಿ. ಹೂಳುವ ಮರಳಿದೆ, ಉಬ್ಬರವೂ ಬಹಳ ಬೇಗ ನುಗ್ಗುತ್ತದೆ, ಜೀವ ಹೋದ ಉದಾಹರಣೆಗಳಿವೆ. ಭಾವ ಬಾಟಲಿಯ ನೀರನ್ನೇ ಚಕ್ರದ ಮೇಲೆ ಪ್ರೋಕ್ಷಣೆ ಮಾಡಿ, 'ಆಯ್ತು, ನಡಿ' ಅಂದರು. ಹಿಂದಿನ ದಿನವೇ ಉಬ್ಬರದ ಸಮಯ ನೋಡಿಟ್ಟುಕೊಂಡಿದ್ದರೆ ಇಷ್ಟು ಪಾಡು ಇರುತ್ತಿರಲಿಲ್ಲ.

ಮೋರ್‌ಕಮ್‌ನಿಂದ ಪೂರ್ವ ಕರಾವಳಿಯ ಬ್ರಿಡ್ಲಿಂಗ್ಟನ್ ತನಕದ ಈ ದಾರಿಯ ಹೆಸರು 'ವೇ ಆಫ್ ದಿ ರೋಸಸ್'. ಲ್ಯಾಂಕಾಷೈರ್ ಸೀಮೆಯ ಲಾಂಛನ ಕೆಂಪು ಗುಲಾಬಿ, ಯಾರ್ಕ್‌ಷೈರ್ ಸೀಮೆಯದು ಬಿಳಿ ಗುಲಾಬಿ, ಎರಡನ್ನೂ ಸೇರಿಸಿ ಇಟ್ಟ ಹೆಸರು. 2010ರಲ್ಲಿ ಶುರುವಾಯಿತು. ಒಟ್ಟು 170 ಮೈಲಿ, ಅಂದರೆ ಸುಮಾರು 270 ಕಿಲೋಮೀಟರ್. ಹೆಚ್ಚಿನದು ಹಳ್ಳಿಗಳ ಸಣ್ಣ ಡಾಂಬರು ರಸ್ತೆ. ತಿರುವುಗಳಲ್ಲಿ ಗುಲಾಬಿ ಗುರುತಿನ ನೀಲಿ ಬೋರ್ಡ್ ಸಿಗುತ್ತದೆ. ಒಂದೊಂದು ಬೋರ್ಡ್ ಗಿಡದ ಮರೆಯಲ್ಲಿ ಇರುವುದರಿಂದ ಫೋನಿನಲ್ಲಿ ಮ್ಯಾಪ್ ಇಳಿಸಿಕೊಂಡಿರಿ. ಕಣಿವೆಗಳಲ್ಲಿ ಸಿಗ್ನಲ್ ಸಿಗುವುದಿಲ್ಲ.

ಪಶ್ಚಿಮದಿಂದ ಪೂರ್ವಕ್ಕೇ ಹೋಗಿ. ಇಲ್ಲಿ ಗಾಳಿ ಜಾಸ್ತಿ ಬೀಸುವುದು ಆ ಕಡೆಯಿಂದಲೇ. ನಾಲ್ಕು ದಿನ ಬೆನ್ನ ಮೇಲೆ ಗಾಳಿ ಇರುವುದಕ್ಕೂ ಮುಖಕ್ಕೆ ಹೊಡೆಯುವುದಕ್ಕೂ ಎಷ್ಟು ವ್ಯತ್ಯಾಸ ಅಂತ ಒಮ್ಮೆ ಉಲ್ಟಾ ಹೋದವರನ್ನು ಕೇಳಿ.

ಮೊದಲ ದಿನ ಆರಾಮ. ಮೋರ್‌ಕಮ್‌ನಿಂದ ಲ್ಯಾಂಕಾಸ್ಟರ್ ತನಕ, ಅಲ್ಲಿಂದ ಲೂನ್ ನದಿಯ ಪಕ್ಕದಲ್ಲಿ ಇನ್ನೂ ಸ್ವಲ್ಪ ದೂರ, ಹಳೇ ರೈಲು ಹಳಿ ಕಿತ್ತು ಮಾಡಿದ ದಾರಿ. ಅಂಗೈಯಷ್ಟು ಸಮತಟ್ಟು. 'ಇಂಗ್ಲೆಂಡ್ ಅಂದ್ರೆ ಇಷ್ಟೇನಾ? ನಾನು ವಾರ ವಾರ ನಂದಿ ಬೆಟ್ಟ ಹತ್ತಿದವನು' ಅಂತ ಭಾವ ನಕ್ಕರು. ಸೆಟಲ್ ಊರಿನಲ್ಲಿ ರಾತ್ರಿ ಉಳಿದೆವು.

ಮರುದಿನ ಬೆಳಗ್ಗೆ ಸೆಟಲ್‌ನಿಂದ ಹೊರಬಿದ್ದ ಐದೇ ನಿಮಿಷಕ್ಕೆ ಇಬ್ಬರೂ ಸೈಕಲ್ ತಳ್ಳುತ್ತಿದ್ದೆವು.

ನಮ್ಮ ಕಡೆಯಿಂದ ಬರುವವರು ತಿಳಿದಿರಬೇಕಾದ ಮುಖ್ಯ ಸಂಗತಿ ಇದು. ನಂದಿ ಬೆಟ್ಟದ ರಸ್ತೆ ಸುತ್ತಿ ಸುತ್ತಿ ಏರುತ್ತದೆ, ಉಸಿರು ಹಿಡಿದು ಒಂದೇ ಲಯದಲ್ಲಿ ತುಳಿಯಬಹುದು. ಇಲ್ಲಿಯ ರಸ್ತೆಗಳು ಎಷ್ಟೋ ಕಡೆ ಹಳೇ ಕಾಲ್ದಾರಿ, ಗಾಡಿ ದಾರಿಗಳು. ಸುತ್ತುವ ತಾಪತ್ರಯ ಇಲ್ಲದೆ ಗುಡ್ಡದ ಎದೆಗೇ ಏರುತ್ತವೆ. ಬೋರ್ಡಿನಲ್ಲಿ 'ಶೇ 20' ಅಂತ ಇದ್ದರೆ ನೂರು ಮೀಟರ್ ಮುಂದೆ ಹೋಗುವಷ್ಟರಲ್ಲಿ ಇಪ್ಪತ್ತು ಮೀಟರ್ ಮೇಲೆ ಹೋಗಬೇಕು. ಏರು ಉದ್ದ ಇರುವುದಿಲ್ಲ, ಆದರೆ ಮುಗಿಯಿತು ಅಂದುಕೊಳ್ಳುವಾಗ ಇನ್ನೊಂದು ಬರುತ್ತದೆ. ಹಾಗಾಗಿ ಗೇರ್ ವಿಷಯದಲ್ಲಿ ಜಂಬ ಬೇಡ. ಹಿಂದಿನ ಚಕ್ರದಲ್ಲಿ 32 ಅಥವಾ 34 ಹಲ್ಲಿನ ದೊಡ್ಡ ಗೇರ್ ಇರುವ ಸೈಕಲ್ ತೆಗೆದುಕೊಳ್ಳಿ. ತಳ್ಳುವುದರಲ್ಲಿ ಅವಮಾನ ಏನೂ ಇಲ್ಲ ಅಲ್ವಾ? ನಮ್ಮ ಮುಂದೆ ಇದ್ದ ಇಂಗ್ಲಿಷ್ ದಂಪತಿಯೂ ತಳ್ಳುತ್ತಲೇ ಇದ್ದರು.

ಮೇಲೆ ಹೋದ ಮೇಲೆ ಯಾರ್ಕ್‌ಷೈರ್ ಡೇಲ್ಸ್ ಎಂಬ ಕಣಿವೆಗಳ ನಾಡು ಬಿಚ್ಚಿಕೊಳ್ಳುತ್ತದೆ. ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಬೇಲಿಗೋಡೆಗಳು, ಎಲ್ಲೆಲ್ಲೂ ಕುರಿ. ಒಂದು ಕಡೆ ತಾಯಿಕುರಿ ರಸ್ತೆಯ ನಟ್ಟನಡುವೆ ಮಲಗಿತ್ತು. ಬೆಲ್ ಹೊಡೆದರೆ ಕಿವಿಯೂ ಅಲ್ಲಾಡಿಸಲಿಲ್ಲ. ನಾವೇ ಪಕ್ಕದಿಂದ ಸರಿದು ಹೋದೆವು. ಕುರಿ ದಾಟದಿರಲಿ ಅಂತ ರಸ್ತೆಗೆ ಅಡ್ಡ ಕಬ್ಬಿಣದ ಸರಳು ಹಾಕಿದ ತೋಡುಗಳಿರುತ್ತವೆ. ಅದನ್ನು ನೇರವಾಗಿ, ಬ್ರೇಕ್ ಹಿಡಿಯದೆ, ಹ್ಯಾಂಡಲ್ ತಿರುಗಿಸದೆ ದಾಟಿ. ಮಳೆಯಲ್ಲಿ ಆ ಸರಳು ಸೋಪಿನ ಹಾಗೆ ಜಾರುತ್ತದೆ. ದಾರಿಯಲ್ಲಿ ಗೇಟು ಸಿಕ್ಕರೆ ಹೇಗಿತ್ತೋ ಹಾಗೇ ಬಿಟ್ಟು ಹೋಗಿ.

ಬರ್ನ್‌ಸಾಲ್‌ನಲ್ಲಿ ವಾರ್ಫ್ ನದಿಗೆ ಐದು ಕಮಾನಿನ ಕಲ್ಲಿನ ಸೇತುವೆ ಇದೆ. ಅಲ್ಲಿ ಸಾಕಷ್ಟು ಹೊತ್ತು ಕೂತು, ಹೊಟ್ಟೆ ತುಂಬಿಸಿಕೊಂಡು ಏಳಿ. ಯಾಕಂದರೆ ಮುಂದಿರುವುದು ಗ್ರೀನ್‌ಹೌ. ಸಮುದ್ರಮಟ್ಟದಿಂದ ಸುಮಾರು 400 ಮೀಟರ್, ಈ ದಾರಿಯ ಅತಿ ಎತ್ತರದ ಭಾಗ. ನಾವು ಮೇಲೆ ಮುಟ್ಟುವಾಗ ಜಿಟಿಜಿಟಿ ಮಳೆ, ಜೂನ್‌ನಲ್ಲೂ ಬೆರಳು ಮರಗಟ್ಟುವ ಚಳಿ. ಅಲ್ಲಿಂದ ಪೇಟ್ಲಿ ಬ್ರಿಜ್ ಎಂಬ ಊರಿಗೆ ಒಂದೇ ಇಳಿಜಾರು, ಅದೂ ಬಹಳ ಕಡಿದು. ಇಳಿಯತೊಡಗಿ ಬ್ರೇಕ್ ಹಿಡಿದೆ. ಸೈಕಲ್ ನಿಧಾನವಾಗಲಿಲ್ಲ. ಕರ್ರ್ ಅಂತ ಲೋಹಕ್ಕೆ ಲೋಹ ಉಜ್ಜುವ ಸದ್ದು ಬಂತು. ಪಕ್ಕದ ಹುಲ್ಲಿಗೆ ಚಕ್ರ ಇಳಿಸಿ, ಕಾಲು ಎಳೆದು, ಹೇಗೋ ನಿಂತೆ. ನೋಡಿದರೆ ಹಿಂದಿನ ಬ್ರೇಕ್ ಪ್ಯಾಡಿನ ರಬ್ಬರ್ ಪೂರ್ತಿ ಸವೆದಿತ್ತು. ಬಾಡಿಗೆಗೆ ಕೊಟ್ಟ ಅಂಗಡಿಯವನು 'ಎಲ್ಲ ಸರ್ವಿಸ್ ಆಗಿದೆ' ಅಂದಿದ್ದ, ನಾನು ಬಗ್ಗಿ ನೋಡಿರಲಿಲ್ಲ. ಉಳಿದ ದೂರ ನಡೆದೇ ಇಳಿದೆ. ಬಾಡಿಗೆ ಸೈಕಲ್ ಆದರೆ ಡಿಸ್ಕ್ ಬ್ರೇಕ್ ಇರುವುದನ್ನೇ ಕೇಳಿ, ಪ್ಯಾಡ್‌ಗಳನ್ನು ಕಣ್ಣಾರೆ ನೋಡಿ. ಒಂದು ಜೊತೆ ಪ್ಯಾಡ್, ಎರಡು ಟ್ಯೂಬ್, ಪಂಪ್ ಚೀಲದಲ್ಲಿರಲಿ.

ಅವತ್ತೇ ರಿಪನ್ ಮುಟ್ಟುವ ಲೆಕ್ಕ ಇತ್ತು. ಪೇಟ್ಲಿ ಬ್ರಿಜ್‌ನಲ್ಲೇ ಉಳಿಯಬೇಕಾಯಿತು, ಒಳ್ಳೆಯದೇ ಆಯಿತು. ನೀವು ಮೊದಲೇ ಹಾಗೆ ಯೋಜನೆ ಹಾಕಿ. ಮ್ಯಾಪಿನಲ್ಲಿ ಆ ದಿನ ಚಿಕ್ಕದಾಗಿ ಕಾಣುತ್ತದೆ, ಕಾಲಿಗೆ ಚಿಕ್ಕದಲ್ಲ. ಆ ಊರಿನಲ್ಲಿ 1827ರಿಂದ ನಡೆಯುತ್ತಿರುವ ಮಿಠಾಯಿ ಅಂಗಡಿ ಇದೆ, ಗಾಜಿನ ಡಬ್ಬಿಗಳ ಸಾಲು ನೋಡುವುದೇ ಚೆಂದ. ಮರುದಿನ ಬೆಳಗ್ಗೆ ಬ್ರಿಮ್‌ಹ್ಯಾಮ್ ಬಂಡೆಗಳ ಕಡೆಗೆ ಮತ್ತೆ ಏರು ಕಾದಿದೆ, ನೆನಪಿರಲಿ.

ಊಟದ ವಿಷಯ. ಹಳ್ಳಿ ಪಬ್‌ಗಳ ಅಡುಗೆಮನೆ ಮಧ್ಯಾಹ್ನ ಎರಡು, ಎರಡೂವರೆಗೆ ಮುಚ್ಚಿದರೆ ಎಷ್ಟೋ ಕಡೆ ಸಂಜೆಯೇ ತೆಗೆಯುವುದು. ಮೂರಕ್ಕೆ ಹೋದರೆ ಸಿಗುವುದು ಕುರುಕಲು ಪೊಟ್ಟಣ ಮಾತ್ರ. ಸಸ್ಯಾಹಾರಿಗಳಿಗೆ ಟೋಸ್ಟ್ ಮೇಲೆ ಬೀನ್ಸ್, ಬೇಯಿಸಿದ ಆಲೂಗಡ್ಡೆ ಮೇಲೆ ಚೀಸ್ ಸುಲಭವಾಗಿ ಸಿಗುತ್ತದೆ. ಒಂದು ಎಚ್ಚರಿಕೆ: ಯಾರ್ಕ್‌ಷೈರ್‌ನ ಎಷ್ಟೋ ಅಂಗಡಿಗಳಲ್ಲಿ ಆಲೂ ಚಿಪ್ಸ್ ಕರಿಯುವುದು ದನದ ಕೊಬ್ಬಿನಲ್ಲಿ. ಕೇಳಿ ತಿನ್ನಿ, ಬೇಜಾರಿಲ್ಲದೆ ಹೇಳುತ್ತಾರೆ. ಅಂಗಡಿಯಮ್ಮ 'ಲವ್' ಅಂತ ಕರೆದರೆ ಗಾಬರಿ ಬೇಡ, ಅದು ನಮ್ಮ 'ಏನಪ್ಪಾ' ಇದ್ದ ಹಾಗೆ. ಉಳಿಯುವ ಕೋಣೆಯಲ್ಲಿ ಸಾಮಾನ್ಯವಾಗಿ ನೀರು ಕಾಯಿಸುವ ಕೆಟಲ್ ಇರುತ್ತದೆ. ಅಕ್ಕ ಕಟ್ಟಿಕೊಟ್ಟ ಒಗ್ಗರಣೆ ಹಾಕಿದ ರವೆ, ಗೊಜ್ಜವಲಕ್ಕಿ ಪುಡಿ ಎರಡು ರಾತ್ರಿ ನಮ್ಮ ಮಾನ ಉಳಿಸಿತು.

ರಸ್ತೆಯ ಎಡಕ್ಕೇ ಸಾಗುವುದರಿಂದ ನಮಗೆ ಹೊಸತು ಅನಿಸುವುದಿಲ್ಲ. ಆದರೆ ಬಿಳಿ ವೃತ್ತಕ್ಕೆ ಕಪ್ಪು ಅಡ್ಡಗೆರೆ ಎಳೆದ ಬೋರ್ಡ್ ಕಂಡರೆ ಹುಷಾರು. ನಡುವೆ ಡಿವೈಡರ್ ಇಲ್ಲದ ಅಂಥ ರಸ್ತೆಯಲ್ಲಿ ಕಾರಿಗೆ ಗಂಟೆಗೆ 60 ಮೈಲಿ ತನಕ ಅನುಮತಿ ಇದೆ, ರಸ್ತೆ ಎಷ್ಟೇ ಇಕ್ಕಟ್ಟಾಗಿರಲಿ. ಬೇಲಿಯ ತಿರುವಿನಲ್ಲಿ ಬೇಲಿಗೆ ಅಂಟಿಕೊಂಡು ಹೋಗಬೇಡಿ, ಸ್ವಲ್ಪ ಒಳಗೆ ಬಂದರೆ ಎದುರಿನವರಿಗೆ ಬೇಗ ಕಾಣುತ್ತೀರಿ. ಕತ್ತಲಾದ ಮೇಲೆ ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಕಡ್ಡಾಯ. ಹೆಲ್ಮೆಟ್ ಕಾನೂನಿನಲ್ಲಿ ಕಡ್ಡಾಯವಿಲ್ಲ, ಆದರೂ ಹಾಕಿ. ಫುಟ್‌ಪಾತ್ ಮೇಲೆ ಸೈಕಲ್ ಓಡಿಸುವ ಹಾಗಿಲ್ಲ.

ಮೂರನೇ ದಿನ 1132ರಲ್ಲಿ ಕಟ್ಟಲು ಶುರುಮಾಡಿದ ಫೌಂಟನ್ಸ್ ಮಠದ ಪಾಳು ಗೋಡೆಗಳು, ಜಿಂಕೆಗಳ ಬಯಲು, ರಿಪನ್, ಆಮೇಲೆ ಯಾರ್ಕ್. ರಿಪನ್‌ನಲ್ಲಿ ದಿನಾ ರಾತ್ರಿ ಒಂಬತ್ತಕ್ಕೆ ಪೇಟೆ ಚೌಕದಲ್ಲಿ ಕೊಂಬು ಊದುತ್ತಾರೆ. ನಮಗೆ ಅದು ತಪ್ಪಿತು. ಯಾರ್ಕ್ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಬರೆಯುವುದಿಲ್ಲ.

ಕೊನೆಯ ದಿನ ಉದ್ದ, ಆದರೆ ಹಗುರ. 1066ರಲ್ಲಿ ಯುದ್ಧ ನಡೆದ ಸ್ಟಾಂಫರ್ಡ್ ಬ್ರಿಜ್ ಎಂಬ ಊರಿನಲ್ಲಿ ಹಳೇ ರೈಲು ಸೇತುವೆಯ ಮೇಲೆ ನದಿ ದಾಟಿ, ವೋಲ್ಡ್ಸ್ ಎಂಬ ಸುಣ್ಣಕಲ್ಲಿನ ಗುಡ್ಡಗಳಿಗೆ ಹತ್ತುತ್ತೀರಿ. ಹಗೇಟ್ ದಾಟಿದ ಮೇಲೆ ಗೋಧಿ ಹೊಲಗಳ ನಡುವೆ ಇಳಿಜಾರು. ಗಾಳಿ ಹಿಂದಿನಿಂದ ತಳ್ಳುತ್ತಿತ್ತು, ಭಾವ ಮೊದಲ ಸಲ ಹಾಡು ಗುನುಗಿದರು. ಬ್ರಿಡ್ಲಿಂಗ್ಟನ್‌ನಲ್ಲಿ ಸಮುದ್ರ ಇತ್ತು. ಚಕ್ರ ತೋಯಿಸಿದೆವು, ಶೂ ಕೂಡ ತೋಯ್ದಿತು.

ವಾಪಸ್ ಬರಲು ಹಲ್ ನಗರದ ಕಡೆಯ ರೈಲು ಹಿಡಿಯಬೇಕು. ಈ ಸಣ್ಣ ರೈಲುಗಳಲ್ಲಿ ಸಾಮಾನ್ಯವಾಗಿ ಎರಡೇ ಸೈಕಲ್‌ಗೆ ಜಾಗ, ಮೊದಲು ಬಂದವರಿಗೆ ಆದ್ಯತೆ. ಯಾರ್ಕ್, ಲಂಡನ್ ಕಡೆಯ ದೊಡ್ಡ ರೈಲುಗಳಿಗೆ ಟಿಕೆಟ್ ಜೊತೆಗೇ ಸೈಕಲ್ ಜಾಗವನ್ನೂ ಕಾಯ್ದಿರಿಸಿ. ಭಾನುವಾರ ಸಂಜೆ ಮಾತ್ರ ಬೇಡ. ನಾವು ಹೋದಾಗ ಎರಡೂ ಜಾಗ ಭರ್ತಿಯಾಗಿತ್ತು. ಮುಂದಿನ ರೈಲಿನ ತನಕ ಪ್ಲಾಟ್‌ಫಾರ್ಮ್ ಬೆಂಚಿನ ಮೇಲೆ ಒದ್ದೆ ಸಾಕ್ಸ್ ಒಣಗಹಾಕಿ ಕೂತಿದ್ದೆವು.