ಗೀರು ಬಿದ್ದ ಬಾಗಿಲು, ಸಾಲದ ಕಾರು

14 ಮಾರ್ಚ್ 2025, ಶುಕ್ರವಾರ

ಬೆಳಿಗ್ಗೆ ಕಾರಿಗೆ ಸಾಲ ಕೊಟ್ಟವರಿಂದ ಒಂದು ಮೇಲ್ ಬಂದಿತ್ತು. ಇನ್ನೊಂದು ಸಾಲ ಬೇಕಾ ಅಂತ ಕೇಳ್ತಿರಬೇಕು ಅಂದುಕೊಂಡು ತೆರೆಯಲೇ ಇಲ್ಲ. ಮಧ್ಯಾಹ್ನ ಅದೇ ವಿಷಯಕ್ಕೆ ಮೆಸೇಜ್ ಕೂಡ ಬಂದಾಗ ಕೂತು ಓದಿದೆ. ನಿಮ್ಮ ಕಾರಿನ ಇನ್ಶೂರೆನ್ಸ್ ನಮ್ಮ ಕರಾರಿನಲ್ಲಿ ಇರೋ ಹಾಗಿಲ್ಲ, ಸರಿಯಾದ ಪಾಲಿಸಿಯ ಪ್ರತಿ ಕಳಿಸಿ, ಕಳಿಸದಿದ್ದರೆ ನಾವೇ ಒಂದು ಪಾಲಿಸಿ ಮಾಡಿಸಿ ಅದರ ಹಣವನ್ನು ನಿಮ್ಮ ಕಂತಿಗೆ ಸೇರಿಸುತ್ತೇವೆ ಅಂತ.

ಸಿಟ್ಟು ಬಂತು. ಕಂತನ್ನು ಒಂದು ದಿನವೂ ತಡ ಮಾಡಿದವಳಲ್ಲ ನಾನು. ಇನ್ಶೂರೆನ್ಸ್ ಇಲ್ಲದೆ ಓಡಿಸುತ್ತಲೂ ಇಲ್ಲ. ಕಳೆದ ತಿಂಗಳು ರಿನ್ಯೂವಲ್ ಬಂದಾಗ ಫುಲ್ ಇನ್ಶೂರೆನ್ಸ್ ಬಿಟ್ಟು ಬರೀ ಥರ್ಡ್ ಪಾರ್ಟಿ, ಅಂದರೆ ನನ್ನ ಕಾರಿನಿಂದ ಬೇರೆಯವರಿಗೆ ಆಗೋ ಹಾನಿಗೆ ಮಾತ್ರ ಇರೋದನ್ನ ಹಾಕಿಸಿದ್ದೆ, ಅಷ್ಟೇ. ಎರಡು ವರ್ಷದಲ್ಲಿ ಒಂದೂ ಕ್ಲೇಮ್ ಮಾಡಿಲ್ಲ, ಕಾರು ವಾರದಲ್ಲಿ ನಾಲ್ಕು ದಿನ ನಿಂತೇ ಇರುತ್ತೆ, ಸುಮ್ನೆ ಯಾಕೆ ಅಷ್ಟೊಂದು ಕಟ್ಟೋದು ಅಂತ ಲೆಕ್ಕ ಹಾಕಿ ದೊಡ್ಡ ಜಾಣೆಯ ಹಾಗೆ ಬೀಗಿದ್ದೆ. ಕಾನೂನು ಕೇಳೋದು ಅಷ್ಟನ್ನೇ ಅಲ್ವಾ?

ಸರಿ, ಜಗಳ ಆಡೋಣ ಅಂತ ಫೋನ್ ಮಾಡಿದೆ. ಆ ಕಡೆ ಇದ್ದ ಹುಡುಗಿಗೆ ನನ್ನಂಥವರು ದಿನಕ್ಕೆ ಹತ್ತು ಜನ ಸಿಗುತ್ತಾರೇನೋ, ಗಾಬರಿಯೇ ಆಗಲಿಲ್ಲ. "ಮೇಡಂ, ಕಾನೂನು ಕೇಳೋದು ಬೇರೆ, ನಮ್ಮ ಕರಾರು ಕೇಳೋದು ಬೇರೆ. ಹಳೇ ಪಾಲಿಸಿಯಲ್ಲಿ ನಮ್ಮ ಹೆಸರಿತ್ತು, ಹೊಸದರಲ್ಲಿ ಇಲ್ಲ. ಒಂದು ಸಲ ನಿಮ್ಮ ಅಗ್ರಿಮೆಂಟ್ ನೋಡ್ತೀರಾ?" ಅಂದಳು.

ನೋಡಿದೆ. ಕಾರು ಮನೆಗೆ ಬಂದ ದಿನ ಬೀರುವಿನ ಮೇಲೆ ಇಟ್ಟ ಫೈಲು, ಇವತ್ತೇ ಮೊದಲ ಸಲ ಕೆಳಗೆ ಇಳಿದದ್ದು. ಸಹಿ ಹಾಕಬೇಕಾದ ಕಡೆಯೆಲ್ಲ ಯಾರೋ ಪೆನ್ಸಿಲಿನಲ್ಲಿ ಸಣ್ಣ ಗುಣಾಕಾರದ ಗುರುತು ಹಾಕಿದ್ದರು, ಅದಿನ್ನೂ ಅಳಿಸಿಲ್ಲ. ಮೊದಲ ಪುಟದಲ್ಲಿ ನನ್ನ ಹೆಸರು ಪೂರ್ತಿ ಓದಬಹುದು. ಹತ್ತನೇ ಪುಟದ ಹೊತ್ತಿಗೆ ಅದು ಒಂದು ಗೆರೆ, ಒಂದು ಚುಕ್ಕೆ. ಇನ್ಶೂರೆನ್ಸ್ ವಿಷಯ ಇರೋದು ಆ ಚುಕ್ಕೆಯ ಸಹಿ ಇರೋ ಪುಟದಲ್ಲೇ.

ಅಲ್ಲಿ ಬರೆದದ್ದು ಸ್ಪಷ್ಟವಾಗಿಯೇ ಇದೆ, ಓದೋ ತಾಳ್ಮೆ ಇದ್ದರೆ. ಸಾಲ ತೀರೋವರೆಗೆ ಕಾರಿಗೆ ಆಗೋ ಹಾನಿಗೂ ವಿಮೆ ಇರಬೇಕು. ಅಪಘಾತ, ಕಳ್ಳತನ, ಬೆಂಕಿ, ಪ್ರವಾಹ ಎಲ್ಲ ಸೇರಿ. ಪಾಲಿಸಿಯಲ್ಲಿ ಸಾಲ ಕೊಟ್ಟವರ ಹೆಸರು ಇರಬೇಕು. ಕ್ಲೇಮ್ ಆದಾಗ ಮೊದಲು ನಮ್ಮ ಕೈಯಿಂದ ಕಟ್ಟೋ ಪಾಲು ಇರುತ್ತಲ್ಲ, ಅದು ಇಷ್ಟಕ್ಕಿಂತ ಜಾಸ್ತಿ ಇರಬಾರದು ಅಂತಲೂ ಒಂದು ಮಿತಿ. ಪ್ರೀಮಿಯಂ ಇಳಿಸೋಕೆ ಆ ಪಾಲನ್ನು ಏರಿಸಿಕೊಳ್ಳೋದು ಎಲ್ಲರೂ ಮಾಡೋ ಉಪಾಯ, ಅದಕ್ಕೂ ಇಲ್ಲಿ ಬೇಲಿ ಹಾಕಿದ್ದಾರೆ.

ಓದ್ತಾ ಓದ್ತಾ ಸಿಟ್ಟು ಇಳಿಯಿತು. ಒಡವೆ ಅಡವಿಟ್ಟರೆ ಅದು ಅವರ ತಿಜೋರಿಯಲ್ಲಿ ಭದ್ರವಾಗಿ ಕೂತಿರುತ್ತೆ. ಕಾರಿನ ಸಾಲದಲ್ಲಿ ಅಡವಿಟ್ಟ ವಸ್ತು ನನ್ನ ಕೈಯಲ್ಲೇ ಇದೆ, ಅದನ್ನ ನಾನು ಮಳೆಯಲ್ಲಿ ಓಡಿಸ್ತೀನಿ, ಲಾರಿಗಳ ಮಧ್ಯೆ ನುಗ್ಗಿಸ್ತೀನಿ, ಎಲ್ಲೆಂದರಲ್ಲಿ ನಿಲ್ಲಿಸ್ತೀನಿ. ಅವರ ಜಾಗದಲ್ಲಿ ನಾನಿದ್ದರೂ ಹೀಗೇ ಬರೆಸಿಕೊಳ್ತಿದ್ದೆ. ನನ್ನ ಕಾರಿನಿಂದ ಬೇರೆಯವರಿಗೆ ಏನಾಗುತ್ತೆ ಅನ್ನೋದು ಕಾನೂನಿನ ಚಿಂತೆ. ಕಾರಿಗೇ ಏನಾಗುತ್ತೆ ಅನ್ನೋದು ಇವರ ಚಿಂತೆ.

ಆದರೆ ಅವರೇ ಮಾಡಿಸ್ತೀವಿ ಅಂದ ಪಾಲಿಸಿ ಇದೆಯಲ್ಲ, ಅದನ್ನ ಮಾತ್ರ ಹತ್ತಿರ ಬಿಟ್ಟುಕೊಳ್ಳಬೇಡಿ. ಅದು ನೋಡಿಕೊಳ್ಳೋದು ಅವರ ಹಿತವನ್ನ. ಕಾರು ಹಾಳಾದರೆ ಅವರ ದುಡ್ಡು ಅವರಿಗೆ ಸಿಗುತ್ತೆ, ಗುದ್ದಿಸಿಕೊಂಡ ಇನ್ನೊಬ್ಬರಿಗೆ ಕೊಡಬೇಕಾದ್ದು ಸಾಮಾನ್ಯವಾಗಿ ಅದರಲ್ಲಿ ಬರೋದೇ ಇಲ್ಲ. ನಾಲ್ಕು ಕಡೆ ವಿಚಾರಿಸಿ ಕಡಿಮೆಯದನ್ನ ಆರಿಸೋ ಅವಕಾಶವೂ ನಮಗಿಲ್ಲ, ಹಾಗಾಗಿ ಸಾಮಾನ್ಯವಾಗಿ ದುಬಾರಿ. ದುಡ್ಡು ನಮ್ಮದು, ಕೊಡೆ ಅವರದು.

ಸಂಜೆ ಅಣ್ಣನಿಗೆ ಫೋನ್ ಮಾಡಿ ಹೇಳಿದೆ. ಅವನು ನಕ್ಕ. "ನನ್ನ ಕಥೆ ಮರೆತೇ ಹೋಯ್ತೇನೇ ನಿಂಗೆ?"

ನಿಜವಾಗಿಯೂ ಮರೆತಿದ್ದೆ. ಅವನ ಕಾರು ನೀರಲ್ಲಿ ಮುಳುಗಿ ಟೋಟಲ್ ಲಾಸ್, ಅಂದರೆ ರಿಪೇರಿ ಮಾಡಿಸಿ ಪ್ರಯೋಜನವಿಲ್ಲ ಅಂತ ಆಗಿತ್ತು. ಅವನ ಹತ್ತಿರ ಫುಲ್ ಇನ್ಶೂರೆನ್ಸೇ ಇತ್ತು. ಕ್ಲೇಮ್ ಹಣ ಬಂತು, ಆದರೆ ಅವನ ಕೈಗಲ್ಲ, ನೇರವಾಗಿ ಸಾಲ ಕೊಟ್ಟವರಿಗೆ. ಅವರ ಬಾಕಿ ತೀರಿ ಏನಾದರೂ ಉಳಿದರೆ ಮಾತ್ರ ನಮಗೆ. ಅವನಿಗೆ ಉಳಿಯಲಿಲ್ಲ, ಉಲ್ಟಾ ಸಾಲವೇ ಉಳಿಯಿತು. ಯಾಕಂದ್ರೆ ವಿಮೆಯವರು ಕೊಡೋದು ಕಾರಿಗೆ ಈಗ ಎಷ್ಟು ಬೆಲೆ ಅಂತ ನೋಡಿ, ನಾವು ಎಷ್ಟು ಸಾಲ ಮಾಡಿದ್ದೀವಿ ಅಂತ ನೋಡಿ ಅಲ್ಲ. ಹೊಸ ಕಾರಿನ ಬೆಲೆ ಮೊದಲ ವರ್ಷವೇ ಸರ್ರನೆ ಇಳಿಯುತ್ತೆ, ಸಾಲ ಇಳಿಯೋದು ಆಮೆಯ ಹಾಗೆ, ಮೊದಲ ಕಂತುಗಳಲ್ಲಿ ಬಡ್ಡಿಯ ಪಾಲು ಆಮೇಲಿನ ಕಂತುಗಳಿಗಿಂತ ಜಾಸ್ತಿ. ಬಾಕಿ 100 ಇದ್ದು ಕಾರಿನ ಬೆಲೆ 82 ಅಂತ ಕಟ್ಟಿದರೆ ಆ 18 ನಮ್ಮ ತಲೆ ಮೇಲೆ. ಗುಜರಿಗೆ ಹೋದ ಕಾರಿಗೆ ಐದು ತಿಂಗಳು ಕಂತು ಕಟ್ಟಿದ, ಬಸ್ಸಿನಲ್ಲಿ ಓಡಾಡಿಕೊಂಡು.

ಈ ಅಂತರ ತುಂಬೋಕೆ ಗ್ಯಾಪ್ ಇನ್ಶೂರೆನ್ಸ್ ಅಂತ ಬೇರೆಯೇ ಇದೆ. ಕೆಲವರ ಕರಾರಿನಲ್ಲಿ ಅದನ್ನೂ ಕೇಳ್ತಾರಂತೆ, ನನ್ನದರಲ್ಲಿ ಇಲ್ಲ. ಕಟ್ಟದೆ ಬಿಟ್ಟ ಹಳೇ ಕಂತುಗಳನ್ನ, ದಂಡವನ್ನ ಅದು ಸಾಮಾನ್ಯವಾಗಿ ತುಂಬೋದಿಲ್ಲ. ಕಡಿಮೆ ಮುಂಗಡ ಕೊಟ್ಟು ಉದ್ದದ ಸಾಲ ಮಾಡಿದವರಿಗೆ ಬೇಕಾಗಬಹುದು. ನಾನು ಮುಂಗಡ ಜಾಸ್ತಿ ಕೊಟ್ಟಿದ್ದೆ, ಇವತ್ತು ಲೆಕ್ಕ ಹಾಕಿ ನೋಡಿದರೆ ಬಾಕಿಗಿಂತ ಕಾರಿನ ಬೆಲೆಯೇ ಮೇಲಿದೆ. ನನಗೆ ಬೇಡ.

"ಇನ್ನೊಂದು ಕೇಳಿಸ್ಕೋ," ಅಂದ ಅಣ್ಣ. "ಸಾಲ ಮುಗಿದ ಮೇಲೆ ಪಾಲಿಸಿಯಿಂದ, ಗಾಡಿ ಕಾಗದದಿಂದ ಅವರ ಹೆಸರು ತೆಗೆಸು. ತಾನಾಗೇ ಹೋಗಿಬಿಡುತ್ತೆ ಅಂತ ಕೂತ್ಕೋಬೇಡ." ಅದಕ್ಕಿನ್ನೂ 34 ಕಂತು ಇದೆ ಮಾರಾಯ ಅಂದೆ.

ರಾತ್ರಿ ಆನ್‌ಲೈನಿನಲ್ಲಿ ಮತ್ತೆ ಫುಲ್ ಇನ್ಶೂರೆನ್ಸಿಗೆ ಹಾಕಿದೆ. ಅಷ್ಟು ಸುಲಭ ಅಲ್ಲ. ನಡುವೆ 26 ದಿನ ಕಾರಿನ ಹಾನಿಗೆ ವಿಮೆ ಇರಲಿಲ್ಲವಲ್ಲ, ಕಾರಿನ ಸ್ಥಿತಿ ತೋರಿಸಿ ಅಂದರು. ನಾಲ್ಕೂ ಕಡೆಯಿಂದ ಫೋಟೋ, ಗಾಜು, ಓಡಿದ ಕಿಲೋಮೀಟರು, ಎಲ್ಲ. ಮೊಬೈಲಿನ ಟಾರ್ಚ್ ಹಿಡ್ಕೊಂಡು ಕಾರಿನ ಸುತ್ತ ಸುತ್ತಿದೆ. ಎಡಗಡೆ ಹಿಂದಿನ ಬಾಗಿಲಿಗೆ ಬೆಳಕು ಬಿದ್ದಾಗ ಕಂಡಿತು. ಹಿಡಿಯಿಂದ ಶುರುವಾಗಿ ಚಕ್ರದ ತನಕ ಒಂದು ಉದ್ದ ಗೀರು, ಬಣ್ಣ ಎದ್ದು ಒಳಗಿನ ಬೂದಿ ಬಣ್ಣ ಇಣುಕ್ತಾ ಇದೆ. ಕಳೆದ ತಿಂಗಳು ತೊಳೆಯೋವಾಗ ಇರಲಿಲ್ಲ, ಅದಂತೂ ಗ್ಯಾರಂಟಿ.

ಫೋಟೋ ತೆಗೆದು ಕಳಿಸಿದೆ. ಅರ್ಧ ಗಂಟೆಯಲ್ಲಿ ಉತ್ತರ ಬಂತು: ಪಾಲಿಸಿ ನಾಳೆಯಿಂದ ಜಾರಿ, ಎಡ ಹಿಂಬಾಗಿಲಿನ ಗೀರು ಹಳೇ ಹಾನಿ ಅಂತ ದಾಖಲಾಗಿದೆ, ಅದಕ್ಕೆ ಕ್ಲೇಮ್ ಇಲ್ಲ. ಪಾಲಿಸಿಯಲ್ಲಿ ನನ್ನ ಹೆಸರಿನ ಕೆಳಗೇ ಸಾಲ ಕೊಟ್ಟವರ ಹೆಸರು ಇದೆಯಾ ಅಂತ ಎರಡು ಸಲ ನೋಡಿ, ಬೆಳಗಿನ ಮೇಲ್‌ಗೆ ಲಗತ್ತಿಸಿ ಕಳಿಸಿದೆ. ಬಣ್ಣ ಹಾಕೋಕೆ ಎಷ್ಟಾಗುತ್ತೋ ನಾಳೆ ಗ್ಯಾರೇಜಿನಲ್ಲಿ ಕೇಳಬೇಕು.