ಕೊಬ್ಬರಿ ಫ್ಲೈಟ್ ಹತ್ತಲ್ಲ

ಹೊರಡೋಕೆ ಇನ್ನು ಮೂರು ದಿನ ಇತ್ತು, ಹಾಸನದ ನಮ್ಮ ಮನೆ ಹಾಲ್‌ನಲ್ಲಿ ಕಾಲಿಡೋಕೆ ಜಾಗ ಇಲ್ಲ. ಜರ್ಮನಿಗೆ ಮಾಸ್ಟರ್ಸ್ ಮಾಡೋಕೆ ಹೊರಟಿದ್ದೆ, ನನ್ನ ಟಿಕೆಟ್‌ಗೆ 23 ಕೆಜಿದು ಎರಡು ಬ್ಯಾಗು, ಕೈಬ್ಯಾಗು 8 ಕೆಜಿ. ಪೇಪರ್ ಕೆಲಸ ಎಲ್ಲಾ ಅಷ್ಟೊತ್ತಿಗೆ ಮುಗಿದಿತ್ತು. ನಮ್ಮ ಮಾರ್ಕ್ಸ್‌ಕಾರ್ಡು, ಡಿಗ್ರಿ ಅಸಲಿ ಅಂತ ನೋಡಿ ಕೊಡೋ ಎಪಿಎಸ್ ಸರ್ಟಿಫಿಕೇಟು, ವೀಸಾ, ಬ್ಲಾಕ್ಡ್ ಅಕೌಂಟು. ಈ ಬ್ಲಾಕ್ಡ್ ಅಕೌಂಟ್ ಅಂದ್ರೆ ಒಂದು ವರ್ಷದ ಖರ್ಚಿಗೆ 11,904 ಯೂರೋ ಮೊದಲೇ ಕಟ್ಟಿ ತೋರಿಸ್ಬೇಕು, ಅಲ್ಲಿಗೆ ಹೋದ್ಮೇಲೆ ತಿಂಗಳಿಗೆ 992 ಯೂರೋ ಥರ ನಮಗೇ ವಾಪಸ್ ಬಿಡ್ತಾರೆ. ನಮ್ಮ ದುಡ್ಡಲ್ಲಿ ಹನ್ನೊಂದು ಲಕ್ಷ ದಾಟುತ್ತೆ. ಬ್ಯಾಂಕ್ ಲೋನ್ ಜೊತೆಗೆ ಅದಕ್ಕೆ ಸೇರಿದ್ದು ತಾತನ ಕೊಬ್ಬರಿ ದುಡ್ಡು.

ನಮ್ಮ ತಾತಂದು ಅರಸೀಕೆರೆ ಕಡೆ ತೆಂಗಿನ ತೋಟ. 2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಾಲ್‌ಗೆ 11,750 ಅಂತ ಇದ್ರೂ ಮಾರ್ಕೆಟ್‌ನಲ್ಲಿ ಅಷ್ಟು ಸಿಗದೆ ತಾತ ಮಾರದೆ ಒದ್ದಾಡಿದ್ದು ನನಗೆ ಚೆನ್ನಾಗಿ ನೆನಪಿದೆ. ಆಮೇಲೆ ರೇಟು ಏರ್ತು, ಅಟ್ಟದ ಮೇಲಿದ್ದದ್ದನ್ನೆಲ್ಲಾ ಇಳಿಸಿ ಮಾರಿ ದುಡ್ಡು ತಂದು ಅಪ್ಪನ ಕೈಗೆ ಕೊಟ್ರು, ಒಂದು ಮಾತೂ ಆಡ್ಲಿಲ್ಲ.

ಅಮ್ಮ ಅಡುಗೆಮನೆ ಕಡೆದು ನೋಡ್ಕೋತಿದ್ರು. ರಾಗಿ ಹಿಟ್ಟು ನಾಲ್ಕು ಕೆಜಿ, ಸಾರಿನ ಪುಡಿ, ಕಾಫಿ ಪುಡಿ, ನಿಪ್ಪಟ್ಟು, ಕೋಡುಬಳೆ, ಚಿಕ್ಕ ಕುಕ್ಕರ್ರು, ಅದರ ಪಕ್ಕ ಹಳೇ ಸೀರೆ ತುಂಡಲ್ಲಿ ಸುತ್ತಿದ ಮುದ್ದೆಕೋಲು. ತುಪ್ಪದ ಡಬ್ಬಿನೂ ಇಟ್ಟಿದ್ರು, ಹೊರಗಿಂದ ಬರೋರು ಹಾಲಿನ ಪದಾರ್ಥ, ಮಾಂಸ ಏನೂ ಯುರೋಪಿಯನ್ ಯೂನಿಯನ್ ಒಳಗೆ ತರಂಗಿಲ್ಲ ಅಂತ ಹೇಳಿ ನಾನೇ ತೆಗೆದೆ. ಮೈಸೂರ್ ಪಾಕ್ ಕೂಡ ಬೇಡ ಅಂದೆ. ಅಮ್ಮಂಗೆ ತುಪ್ಪದ್ದೇ ದೊಡ್ಡ ಚಿಂತೆ ಆಯ್ತು, ಬಿಸಿ ಮುದ್ದೆಗೆ ತುಪ್ಪ ಇಲ್ದೆ ಹೆಂಗೆ ಉಣ್ತಾಳೆ ಅಂತ ಎರಡು ದಿನ ಅದೇ ಮಾತು.

ಸಂಜೆ ತಾತ ಬಸ್ಸಲ್ಲಿ ಬಂದ್ರು, ಕೈಲೊಂದು ಬಟ್ಟೆ ಚೀಲ. ಚೀಲದ ತುಂಬ ಉಂಡೆ ಕೊಬ್ಬರಿ. ಮಾರೋ ಮುಂಚೆನೇ ನನಗೆ ಅಂತ ಆರಿಸಿ ಎತ್ತಿಟ್ಟಿದ್ರಂತೆ. ನೋಡದೆ ಇರೋರಿಗೆ ಹೇಳ್ಬೇಕು ಅಂದ್ರೆ, ಕಾಯಿನ ಸಿಪ್ಪೆ ಸಮೇತ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಡ್ತಾರೆ, ಒಳಗಿನ ನೀರೆಲ್ಲಾ ಇಂಗಿ ಕೊಬ್ಬರಿ ಚಿಪ್ಪು ಬಿಟ್ಟು ಲೊಡಲೊಡ ಅನ್ನೋಕೆ ಶುರು ಮಾಡಿದ್ಮೇಲೆ ಒಡೆಯೋದು. ತಾತ ಕೊಟ್ಟ ಉಂಡೆ ಮುಟ್ಟಿದ್ರೆ ಬೆರಳಿಗೆ ಎಣ್ಣೆ ಜಿಡ್ಡು ಹತ್ತೋದು, ಅಷ್ಟು ಒಳ್ಳೆ ಮಾಲು.

ಆ ಎಣ್ಣೆಯಿಂದಾನೇ ತೊಂದರೆ. ಒಣ ಕೊಬ್ಬರಿ ತಾನಾಗೇ ಬಿಸಿಯಾಗಿ ಹೊತ್ಕೊಳ್ಳೋ ವಸ್ತು ಅಂತ ವಿಮಾನದವರ ಲೆಕ್ಕ, ಚೆಕ್‌ಇನ್ ಬ್ಯಾಗಿಗೂ ಹಾಕಂಗಿಲ್ಲ ಕೈಬ್ಯಾಗಿಗೂ ಹಾಕಂಗಿಲ್ಲ. ನನಗೆ ಗೊತ್ತಿತ್ತು, ಆದ್ರೆ ಬಾಯಿ ಬರ್ತಿಲ್ಲ. ನನ್ನನ್ನ ಓದೋಕೆ ಕಳಿಸ್ತಿರೋದೇ ಈ ಕೊಬ್ಬರಿ, ಇದೇ ಬರಬಾರದು ಅಂತ ಹೇಗೆ ಹೇಳೋದು. ಕೊನೆಗೆ ಅಪ್ಪ ಹೇಳಿದ್ರು.

ತಾತ ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ, "ಅವ್ರು ಹೇಳೋದು ದಿಟವೇ ಕಣಪ್ಪ, ಅಟ್ಟಕ್ಕೆ ಬೀಡಿ ಹಚ್ಕೊಂಡು ಹತ್ತಬೇಡ್ರೋ ಅಂತ ನಾನೇ ಆಳುಗಳಿಗೆ ಬೈತಿರ್ಲಿಲ್ವಾ" ಅಂದ್ರು. ನನಗೆ ಅಳು ತಡೆಯೋಕಾಗ್ಲಿಲ್ಲ. ಆವತ್ತು ರಾತ್ರಿ ಎಲ್ಲರೂ ಸೂಟ್‌ಕೇಸ್ ಸುತ್ತ ಕೂತು ಕೊಬ್ಬರಿ ಬೆಲ್ಲ ತಿಂದ್ವಿ. ಮುಂದಿನ ತಿಂಗಳು ಹಾಸನಾಂಬೆ ಬಾಗಿಲು ತೆಗೀತಾರೆ, ಈ ಸಲ ನೀನಿರಲ್ಲ ಅಂತ ಅಜ್ಜಿ ಫೋನಲ್ಲಿ ಹೇಳ್ತಾನೇ ಇದ್ರು.

ಬೆಳಗ್ಗೆ ರೂಲ್ಸ್ ಇನ್ನೊಂದ್ಸಲ ಓದಿದೆ. ಹಣ್ಣು ತರಕಾರಿ ತರೋಕೆ ಅಲ್ಲಿ ಸರ್ಟಿಫಿಕೇಟ್ ಬೇಕು, ಬಾಳೆಹಣ್ಣು, ಅನಾನಸ್, ಖರ್ಜೂರ, ದುರಿಯನ್, ತೆಂಗಿನಕಾಯಿ ಈ ಐದಕ್ಕೆ ಬೇಡ. ತೆಂಗಿನಕಾಯಿ! ಏರ್‌ಲೈನ್‌ಗೆ ಫೋನ್ ಮಾಡಿ ಕೇಳಿದೆ, ಇಡೀ ಕಾಯಿ ಚೆಕ್‌ಇನ್ ಬ್ಯಾಗಲ್ಲಿ ಹಾಕಬಹುದು ಅಂದ್ರು. ಹೇಳಿದ್ದೇ ತಡ ತಾತ ಹಿತ್ತಲಿಗೆ ಹೋದ್ರು. ಅಲ್ಲಿ ಊರಿಂದ ತಂದ ಕಾಯಿ ರಾಶಿ ಇತ್ತು, ಒಂದೊಂದನ್ನೂ ಕಿವಿ ಹತ್ರ ಅಲ್ಲಾಡಿಸಿ, ಬೆರಳಲ್ಲಿ ತಟ್ಟಿ, ಏಳೆಂಟು ಬದಿಗಿಟ್ಟು ಒಂದನ್ನ ಆರಿಸಿದ್ರು. ಜುಟ್ಟು ಬಿಟ್ಟು ಸುಲಿದ್ರು, ಜುಟ್ಟು ಕಿತ್ರೆ ಕಣ್ಣಿಗೆ ಗಾಳಿ ಆಡಿ ಕಾಯಿ ಬೇಗ ಕೆಡುತ್ತೆ.

ಕೊಕ್ಕೆ ತಕ್ಕಡಿಗೆ ಸೂಟ್‌ಕೇಸ್ ನೇತಾಕಿದ್ರೆ 23 ದಾಟ್ತು. ಒಂದು ಜೀನ್ಸ್ ತೆಗೆದೆ. ಅಮ್ಮ ಕಾಯಿಗೆ ನನ್ನ ಉಲ್ಲನ್ ಸಾಕ್ಸ್ ತೊಡಿಸಿ, ಅಲ್ಲಾಡದ ಹಾಗೆ ಎರಡೂ ಕಡೆ ರಾಗಿ ಪ್ಯಾಕೆಟ್ ಒತ್ತಿಟ್ರು.

"ಹೋದ ದಿನವೇ ಒಡೀಬೇಡ ಮಗಾ, ನಿಂದೂ ಅಂತ ಒಂದು ರೂಮ್ ಸಿಕ್ಕಿದ ದಿನ ಒಡಿ" ಅಂತ ತಾತ ಅಂದ್ರು, ಜಿಪ್ಪು ಅವ್ರೇ ಎಳೆದ್ರು.